ಚಂದ್ರಮತಿಯ ಪ್ರಲಾಪವನ್ನು ಓದಿಸಿದ ವರ್ಷಗಳು

ರಾಘವಾಂಕನು ಹಂಪೆಯವನಾದುದರಿಂದ, ಬಳ್ಳಾರಿಯ ಕಾಲೇಜುಗಳಲ್ಲಿ ಆತನ ಹರಿಶ್ಚಂದ್ರಕಾವ್ಯವನ್ನು ಪಾಠ ಹೇಳುವ ಅಧ್ಯಾಪಕನಿಗೆ ಕವಿಯನ್ನು ಪರಿಚಯ ಮಾಡಿಕೊಡುವ ಶ್ರಮವು ಅಷ್ಟಾಗಿ ಇರುವುದಿಲ್ಲ. ಎದುರಿಗೆ ಕುಳಿತವರಲ್ಲಿ ಅನೇಕರು ವಿರೂಪಾಕ್ಷನ ತೇರನ್ನು ಕಂಡವರು, ತುಂಗಭದ್ರೆಯ ಕಾಲುವೆಯಲ್ಲಿ ಈಜು ಕಲಿತವರು. ಶತಮಾನಗಳ ಹಿಂದೆ ಅದೇ ನದಿಯ ದಡದಲ್ಲಿದ್ದ ಒಬ್ಬನು ಷಟ್ಪದಿಗೆ ಕಾವ್ಯದ ಪಟ್ಟವನ್ನು ಕಟ್ಟಿದನೆಂದರೆ ಅವರು ಸಹಜವಾಗಿಯೇ ನಂಬುತ್ತಾರೆ. ಆದರೆ ಈ ಸಾಮೀಪ್ಯವು ಒಂದು ಘಟ್ಟದಲ್ಲಿ ಬೇರೆಯೇ ರೂಪವನ್ನು ತಾಳುತ್ತದೆ. ದರ್ಭೆ ಸಮಿತ್ತುಗಳಿಗಾಗಿ ಅಡವಿಗೆ ಹೋದ ಲೋಹಿತಾಶ್ವನು ಹಾವು ಕಚ್ಚಿ ಸಾಯುವ, ಪರರ ಮನೆಯಲ್ಲಿ ದಾಸಿಯಾಗಿ ದುಡಿಯುತ್ತಿದ್ದ ಚಂದ್ರಮತಿಯು ಆ ಸುದ್ದಿಯನ್ನು ಕೇಳಿಯೂ ಒಡೆಯನ ಮನೆಯ ಕೆಲಸ ತೀರುವ ತನಕ ಹೊರಡಲಾರದೆ ಕಡೆಗೆ ಕತ್ತಲಲ್ಲಿ ಹೋಗಿ ಮಗನ ಹೆಣವನ್ನು ಕಂಡು ಹಲುಬುವ ಭಾಗವು ಪಾಠಕ್ಕೆ ಬಂದ ದಿನ, ಸಿರುಗುಪ್ಪದ ಕಡೆಯಿಂದ ಬಂದ ವಿದ್ಯಾರ್ಥಿಗಳ ಪಾಲಿಗೆ ಅದು ಪುರಾಣವಾಗಿ ಉಳಿಯುವುದಿಲ್ಲ. ಭತ್ತದ ಗದ್ದೆಗಳ ಆ ಸೀಮೆಯಲ್ಲಿ ರಾತ್ರಿ ನೀರು ಕಟ್ಟಲು ಹೋಗಿ ಹಿಂದಿರುಗದವರ ಹೆಸರುಗಳು ಪ್ರತಿಯೊಂದು ಊರಿನಲ್ಲಿಯೂ ಜನರ ಬಾಯಲ್ಲಿ ಇರುತ್ತವೆ.

ನಾನು ಆ ಸೀಮೆಯವನು. ಕಾಲೇಜಿನ ಮೊದಲನೆಯ ವರ್ಷದ ಬೇಸಗೆ ಬೆಳೆಯ ಕಾಲದಲ್ಲಿ ನನ್ನ ಅಣ್ಣನು ಗದ್ದೆಯ ಬದುವಿನ ಮೇಲೆ ಕೊಳಕುಮಂಡಲವನ್ನು ತುಳಿದನು. ಬಳ್ಳಾರಿಗೆ ಸಾಗಿಸುವ ದಾರಿಯಲ್ಲಿ, ತೆಕ್ಕಲಕೋಟೆಯನ್ನು ದಾಟುವುದರೊಳಗಾಗಿ, ಲಾರಿಯಲ್ಲಿಯೇ ತೀರಿಕೊಂಡನು. ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963ರ ಸುಮಾರಿಗೆ ಉತ್ಖನನವು ನಡೆದು ನವಶಿಲಾಯುಗದ ಜನರ ಮನೆಗಳೂ ಸಮಾಧಿಗಳೂ ಬೆಳಕಿಗೆ ಬಂದುದನ್ನು ಮುಂದೆ ಓದಿ ತಿಳಿದೆನಾದರೂ, ಆ ಊರಿನ ಹೆಸರು ನನಗೆ ಇಂದಿಗೂ ಮೊದಲು ತಂದುಕೊಡುವುದು ಆ ರಾತ್ರಿಯನ್ನೇ. ಭಾರತದಲ್ಲಿ 2000ದಿಂದ 2019ರ ವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು ಒಂದು ಸಂಶೋಧನೆಯು ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಹಳ್ಳಿಗಳ ಜನ. ನಮ್ಮ ರಾಜ್ಯವು ಹಾವಿನ ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು 2024ರ ಫೆಬ್ರವರಿಯಲ್ಲಿ. ಅದಕ್ಕೆ ಮೊದಲು ಸತ್ತವರಲ್ಲಿ ಎಷ್ಟೋ ಮಂದಿ ಯಾವ ಲೆಕ್ಕಕ್ಕೂ ಸೇರದೆ, ಮನೆಯವರ ಎದೆಯಲ್ಲಿ ಮಾತ್ರ ದಾಖಲೆಯಾಗಿ ಉಳಿದವರು.

ಅಣ್ಣನ ತಿಥಿಗಳೆಲ್ಲ ಮುಗಿದು ನಾನು ಮತ್ತೆ ಬಳ್ಳಾರಿಗೆ ಬಂದ ಕೆಲವು ವಾರಗಳ ತರುವಾಯ, ನಮಗೆ ಹಳಗನ್ನಡ ನಡುಗನ್ನಡಗಳನ್ನು ಪಾಠ ಹೇಳುತ್ತಿದ್ದ ವೃದ್ಧ ಅಧ್ಯಾಪಕರು ಒಂದು ಸಂಜೆ ನನ್ನನ್ನು ಕಾಲೇಜಿನ ಮೊಗಸಾಲೆಗೆ ಕರೆದು, ನಾನು ಕುಳಿತುಕೊಳ್ಳುವ ವರೆಗೆ ತಾವೂ ಕುಳಿತುಕೊಳ್ಳದೆ ನಿಂತಿದ್ದು, ಆಮೇಲೆ ಬಹು ಮೆಲ್ಲಗೆ ಹೇಳಿದರು: “ನಾಳಿನಿಂದ ಲೋಹಿತಾಶ್ವನ ಮರಣದ ಭಾಗ ಬರುತ್ತದೆ. ಹಾವು ಕಚ್ಚುವುದು, ತಾಯಿ ಹೆಣವನ್ನು ಹುಡುಕಿಕೊಂಡು ಹೋಗುವುದು, ಸುಡುಗಾಡು, ಎಲ್ಲವೂ ಅಲ್ಲಿ ಇದೆ. ನಿನಗೆ ಮೊದಲೇ ತಿಳಿದಿರಲಿ. ಬರುವುದಾದರೆ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತುಕೊ; ಎದ್ದು ಹೋಗಬೇಕೆನಿಸಿದರೆ ನನ್ನನ್ನು ಕೇಳಬೇಕಾಗಿಲ್ಲ. ಬಾರದಿದ್ದರೆ ಹಾಜರಿಯ ವಿಚಾರ ನನಗೆ ಬಿಡು. ಆ ಪದ್ಯಗಳನ್ನು ನೀನು ಎಂದಾದರೂ ಓದಬೇಕೆಂದುಕೊಂಡಾಗ ನನ್ನ ಮನೆಗೆ ಬಾ, ಇಬ್ಬರೂ ಕೂತು ಓದೋಣ.” ಇಷ್ಟನ್ನು ಹೇಳಿ, ನನ್ನ ಅಣ್ಣನ ವಿಷಯವಾಗಿ ಒಂದು ಮಾತನ್ನೂ ಕೇಳದೆ, ಛತ್ರಿಯನ್ನು ತೆಗೆದುಕೊಂಡು ಹೊರಟುಹೋದರು.

ನಾನು ಮರುದಿನ ತರಗತಿಗೆ ಹೋದೆನು. ಗಮಕದಲ್ಲಿ ಹೆಸರು ಮಾಡಿದ್ದ ಅವರು ಆ ಭಾಗವನ್ನು ಅಂದು ರಾಗವಾಗಿ ಹಾಡಲಿಲ್ಲ. ಒಂದೊಂದು ಪದ್ಯವನ್ನೂ ಸಾವಕಾಶವಾಗಿ ಓದಿ, ಅನ್ವಯವನ್ನು ಬಿಡಿಸಿ, ಅರ್ಥವಾಗದ ಶಬ್ದಗಳನ್ನು ಹಲಗೆಯ ಮೇಲೆ ಬರೆದು, ನಡುನಡುವೆ ಕಿಟಕಿಯ ಕಡೆ ತಿರುಗಿ ನಿಂತು ನಮಗೆಲ್ಲ ಉಸಿರಾಡುವುದಕ್ಕೆ ಅವಕಾಶವನ್ನು ಕೊಟ್ಟರು. ಕಡಿದಾದ ಮೆಟ್ಟಿಲುಗಳನ್ನು ಇಳಿಯುವವನಿಗೆ ಪಕ್ಕದ ಕಟಾಂಜನವು ಹೇಗೋ ಹಾಗೆ, ಆ ವ್ಯಾಕರಣವೂ ಪದವಿಭಾಗವೂ ಆ ಗಂಟೆಯಲ್ಲಿ ನನ್ನ ಕೈಗೆ ಆಧಾರವಾಗಿ ಒದಗಿದವು. ಅರ್ಧಕ್ಕೆ ನಾನು ಎದ್ದು ಹೊರಗೆ ಹೋದುದು ನಿಜ. ಆದರೆ ಯಾರೂ ತಿರುಗಿ ನೋಡಲಿಲ್ಲ. ಅದಕ್ಕೆ ಕಾರಣವು ನನಗೆ ಆಮೇಲೆ ತಿಳಿಯಿತು: ಬೇಕಾದವರು ಎದ್ದು ಹೋಗಬಹುದೆಂದು ಅವರು ತರಗತಿಗೆಲ್ಲ ಮೊದಲೇ ಹೇಳಿದ್ದರು, ಅದು ನನ್ನೊಬ್ಬನ ಸಲುವಾಗಿ ಎಂಬ ಸುಳಿವನ್ನು ಸ್ವಲ್ಪವೂ ಕೊಡದೆ.

ಬೇಸಗೆಯ ರಜೆಯಲ್ಲಿ ಅವರ ಮನೆಯ ಪಡಸಾಲೆಯಲ್ಲಿ ಉಳಿದ ಪದ್ಯಗಳನ್ನು ನಾವಿಬ್ಬರೂ ಓದಿದೆವು. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಸತ್ತವರ ಗುಣಗಳನ್ನು ಎಣಿಸಿ ಎಣಿಸಿ ಹಾಡಿಕೊಂಡು ಅಳುವ ಪದ್ಧತಿ ಉಂಟು. ನನ್ನ ತಾಯಿಯೂ ಹಾಗೆಯೇ ಅತ್ತಿದ್ದಳು. ಆ ಧ್ವನಿಯು ನನ್ನನ್ನು ಬಳ್ಳಾರಿಯ ಬೀದಿಗಳಲ್ಲಿಯೂ ಬಿಡದೆ ಹಿಂಬಾಲಿಸುತ್ತಿದ್ದು, ಅದು ಕೇಳಿಸಿದಾಗಲೆಲ್ಲ ನನಗೆ ಉಸಿರು ಕಟ್ಟಿದಂತಾಗುತ್ತಿತ್ತು. ಚಂದ್ರಮತಿಯ ಪ್ರಲಾಪವನ್ನು ಓದುತ್ತ ಓದುತ್ತ, ನನ್ನ ತಾಯಿಯ ಅಳುವಿಗೂ ಒಂದು ಕ್ರಮವಿದ್ದಿತೆಂಬುದು, ಸಂಬೋಧನೆಯಿಂದ ಆರಂಭವಾಗಿ ನೆನಪಿಗೆ ಹೊರಳಿ, ನೆನಪಿನಿಂದ ವಿಧಿಯ ನಿಂದೆಗೆ ಏರಿ, ಮತ್ತೆ ಮಗನ ಹೆಸರಿಗೆ ಇಳಿಯುವ ಒಂದು ನಡೆಯು ಅದರಲ್ಲಿ ಇದ್ದಿತೆಂಬುದು ನನಗೆ ಹೊಳೆಯಿತು. ಆ ದಿನದಿಂದ ಆ ಧ್ವನಿಯು ನಿಂತುಹೋಯಿತೆಂದು ಹೇಳಲಾರೆನು. ಅದನ್ನು ಕೇಳಿಯೂ ನನ್ನ ದಾರಿಯಲ್ಲಿ ನಾನು ನಡೆಯಬಲ್ಲವನಾದೆನು. ಕಾವ್ಯವು ನನಗೆ ಮಾಡಿದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಆ ಪದ್ಯಗಳು ಯಾವ ಮುನ್ಸೂಚನೆಯೂ ಇಲ್ಲದೆ, ಎದ್ದು ಹೋಗುವ ಬಾಗಿಲೂ ಇಲ್ಲದೆ, ರಾಗಾಲಾಪದೊಡನೆ ನನ್ನ ಮೇಲೆ ಎರಗಿದ್ದರೆ ನಾನು ಬಹುಶಃ ಆ ವರ್ಷವೇ ಊರಿಗೆ ಹಿಂದಿರುಗಿ ನೇಗಿಲನ್ನು ಹಿಡಿಯುತ್ತಿದ್ದೆನು.

ಕಾಲಾಂತರದಲ್ಲಿ ನಾನೂ ಬಳ್ಳಾರಿಯಲ್ಲಿಯೇ ಅಧ್ಯಾಪಕನಾದೆನು. ಅಷ್ಟರಲ್ಲಿ ನಮ್ಮ ಕಾಲೇಜುಗಳು ಧಾರವಾಡದ ಆಶ್ರಯವನ್ನು ಬಿಟ್ಟು 1980ರಲ್ಲಿ ಹುಟ್ಟಿದ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಬೆಳಗಿನ ಬಸ್ಸುಗಳಲ್ಲಿ ಸಿರುಗುಪ್ಪದಿಂದಲೂ ಕುರುಗೋಡಿನಿಂದಲೂ ಬುತ್ತಿಗಂಟುಗಳೊಡನೆ ಬಂದಿಳಿಯುವವರು, ಕೌಲ್‌ಬಜಾರಿನ ಇಕ್ಕಟ್ಟಾದ ಓಣಿಗಳಿಂದ ನಡೆದು ಬರುವವರು, ಸರ್ಕಾರಿ ವಸತಿನಿಲಯಗಳಲ್ಲಿ ಇರುವವರು. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡಿ ತರಗತಿಯಲ್ಲಿ ಕನ್ನಡವನ್ನು ಬರೆಯುವವರು. ಅವರೆಲ್ಲರೂ ಬೆಂಚುಗಳ ಮೇಲೆ ಸಾಲಾಗಿ ಕುಳಿತಾಗ ಒಂದೇ ವಯಸ್ಸಿನ ಒಂದು ಸಮೂಹದಂತೆ ಕಾಣುತ್ತಾರೆ. ಒಬ್ಬೊಬ್ಬರೂ ಹೊತ್ತು ತಂದ ಭಾರವೇನೆಂಬುದು ಹಾಜರಿ ಪುಸ್ತಕದಲ್ಲಿ ಕಾಣಿಸುವುದಿಲ್ಲ. ನನ್ನ ಗುರುಗಳಿಗೆ ನನ್ನ ಮನೆಯ ಸಾವು ಗೊತ್ತಿದ್ದಿತು. ಗೊತ್ತಿಲ್ಲದವರ ವಿಷಯದಲ್ಲಿ ಅಧ್ಯಾಪಕನು ಏನು ಮಾಡಬೇಕು? ನಾನು ಎಲ್ಲರಿಗೂ ಎಲ್ಲವನ್ನೂ ಮೊದಲೇ ಹೇಳುವ ಪದ್ಧತಿಯನ್ನು ಹಿಡಿದೆನು: ವರ್ಷಾರಂಭದಲ್ಲಿಯೇ ಪಠ್ಯದ ಕಥಾಭಾಗವನ್ನು ಪೂರ್ತಿಯಾಗಿ ತಿಳಿಸಿ, ಎಲ್ಲಿ ಮರಣವಿದೆ, ಎಲ್ಲಿ ಹಿಂಸೆಯಿದೆ, ಎಲ್ಲಿ ಹೆಣ್ಣಿನ ಮೇಲಿನ ಬಲಾತ್ಕಾರವಿದೆ, ಎಲ್ಲಿ ಜಾತಿಯ ನಿಂದೆಯಿದೆ ಎಂಬುದನ್ನು ಬಿಚ್ಚಿ ಹೇಳಿಬಿಡುತ್ತಿದ್ದೆನು.

ಈ ಪದ್ಧತಿಯು ಏಕೆ ಅವಶ್ಯಕವೆಂಬುದನ್ನು ನನಗೆ ಪೂರ್ಣವಾಗಿ ಮನಗಾಣಿಸಿದವಳು ಕುರುಗೋಡಿನ ಕಡೆಯ ಒಬ್ಬ ವಿದ್ಯಾರ್ಥಿನಿ. ದೊಡ್ಡಬಸವೇಶ್ವರನ ಗುಡಿಯ ಆ ಊರಿನ ಸುತ್ತ ಬಂಡೆಗಲ್ಲಿನ ಬೆಟ್ಟಗಳು. ಬೆಟ್ಟಗಳ ನಡುವಣ ಬಯಲಿನಲ್ಲಿ ಮೆಣಸಿನಕಾಯಿ, ಹತ್ತಿ, ಕಾಲುವೆ ಹಾಯ್ದಲ್ಲಿ ಭತ್ತ. ಅವಳ ತಾಯಿ ಕೂಲಿಗೆ ಹೋಗುವವಳು. ಲೋಹಿತಾಶ್ವನ ಭಾಗವು ಬಂದಾಗ ನಾನು ಹಾವಿನ ಕಡಿತದ ವಿಷಯದಲ್ಲಿ ಎಚ್ಚರದಿಂದಿದ್ದೆನು. ಸಿರುಗುಪ್ಪದ ಹುಡುಗರ ಮುಖಗಳನ್ನು ಗಮನಿಸುತ್ತಿದ್ದೆನು. ಹಾವು ಬಂದಿತು, ಹುಡುಗನು ಬಿದ್ದನು, ಎಲ್ಲರೂ ಆ ಭಾಗವನ್ನು ತಾಳಿಕೊಂಡರು. ಮಗನ ಬಳಿಗೆ ಹೋಗುತ್ತೇನೆಂದ ತಾಯಿಯನ್ನು ಒಡೆಯನ ಮನೆಯವರು ಮನೆಗೆಲಸ ತೀರುವ ತನಕ ಬಿಡದ ಸಂದರ್ಭವು ಬಂದಾಗ ಈ ಹುಡುಗಿಯು ತಲೆಯನ್ನು ಬೆಂಚಿಗೆ ಆನಿಸಿ ಕುಳಿತುಬಿಟ್ಟಳು. ತರಗತಿಯು ಮುಗಿದು ಎಲ್ಲರೂ ಹೋದಮೇಲೆ, ಗೆಳತಿಯ ಕೈಯನ್ನು ಹಿಡಿದುಕೊಂಡೇ ಬಂದು ಹೇಳಿದಳು: “ಸಾಯೋದು ಓದಬಹುದ್ರೀ ಸಾರ್. ಆಕಿನ್ನ ಬಿಡಲಿಲ್ಲಲ್ಲ, ಅದನ್ನ ಓದಾಕ ಆಗಂಗಿಲ್ಲ.” ಅವಳ ತಮ್ಮನು ಜ್ವರದಲ್ಲಿ ತೀರಿಕೊಂಡ ದಿನ, ತಾಯಿಗೆ ಕಟಾವಿನ ಹೊಲದಿಂದ ಹೊತ್ತು ಮುಳುಗುವುದಕ್ಕೆ ಮುಂಚೆ ಹೊರಡಲು ಅಪ್ಪಣೆ ದೊರೆತಿರಲಿಲ್ಲವೆಂಬುದು ಎಷ್ಟೋ ತಿಂಗಳುಗಳ ಮೇಲೆ, ಅವಳಾಗಿಯೇ ಆಡಿದ ಮಾತಿನಿಂದ ತಿಳಿದುಬಂದಿತು.

ನೋವು ಎಲ್ಲಿ ಇರುತ್ತದೆಂಬುದನ್ನು ಅಧ್ಯಾಪಕನು ಊಹಿಸಲಾರನು. ಮರಣವೆಂಬ ಒಂದು ಹಣೆಪಟ್ಟಿಯನ್ನು ಪಾಠಕ್ಕೆ ಅಂಟಿಸಿ, ಎಚ್ಚರಿಕೆಯನ್ನು ಕೊಟ್ಟಾಯಿತೆಂದು ತೃಪ್ತಿಪಡುವವನು ಆ ಹುಡುಗಿಗೆ ಯಾವ ಸಹಾಯವನ್ನೂ ಮಾಡಿದಂತಾಗುತ್ತಿರಲಿಲ್ಲ. ಕಥೆಯ ಪ್ರತಿಯೊಂದು ತಿರುವನ್ನೂ ಮೊದಲೇ ಅರಿತವಳಾದುದರಿಂದ ಅವಳು ಆ ದಿನ ಗೆಳತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು; ಅಷ್ಟು ಸಿದ್ಧತೆಯನ್ನು ಅವಳೇ ಮಾಡಿಕೊಂಡಿದ್ದಳು. ವರ್ಷದ ಕೊನೆಗೆ ಅವಳು ಅದೇ ಭಾಗದ ಮೇಲೆ ಬರೆದ ಪ್ರಬಂಧದಲ್ಲಿ, ಸತ್ಯವನ್ನು ಬಿಡದ ರಾಜನ ಕಥೆಯೊಳಗೆ ಕೂಲಿಯ ಹೆಣ್ಣಿನ ಹೊತ್ತು ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಎತ್ತಿದ್ದಳು. ರಾಘವಾಂಕನ ಮೇಲೆ ನಾನು ಓದಿದ ವಿಮರ್ಶೆಗಳಲ್ಲಿ ಆ ಪ್ರಶ್ನೆಯು ಅಷ್ಟು ನೇರವಾಗಿ ಎಲ್ಲಿಯೂ ಬಂದಿರಲಿಲ್ಲ.

ಇದೇ ಕಾಲದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಕಾಲೇಜುಗಳ ಗೋಡೆಗಳಾಚೆಗೆ, ಒಂದು ದೊಡ್ಡ ಕೆಲಸವು ಸದ್ದಿಲ್ಲದೆ ನಡೆಯುತ್ತಿದ್ದಿತು. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು 1982ರಲ್ಲಿ ಆರಂಭವಾದಮೇಲೆ, ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಆಚರಣೆಗೆ ತಂದು ನೋಡಬೇಕೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿಯನ್ನು ಆರಿಸಿಕೊಂಡು, 1985ರಿಂದ 1990ರ ವರೆಗೆ ಪ್ರಯೋಗವನ್ನು ನಡೆಸಿತು. ಆಗ ಸುಮಾರು 20 ಲಕ್ಷ ಜನಸಂಖ್ಯೆಯಿದ್ದ ಜಿಲ್ಲೆಗೆಲ್ಲ ಮನೋವೈದ್ಯರನ್ನು ಒದಗಿಸುವುದು ಅಸಾಧ್ಯವಾದುದರಿಂದ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಹಳ್ಳಿಹಳ್ಳಿ ಅಲೆಯುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿಯನ್ನು ಕೊಟ್ಟು, ಮನೋವ್ಯಾಧಿಯನ್ನು ಗುರುತಿಸುವ, ಸಾಮಾನ್ಯ ಔಷಧಗಳನ್ನು ಕೊಡುವ, ಕಠಿನವಾದ ಪ್ರಕರಣಗಳನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸುವ ವ್ಯವಸ್ಥೆಯನ್ನು ಏರ್ಪಡಿಸಲಾಯಿತು. ವೈದ್ಯಲೋಕದಲ್ಲಿ ಇದಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರು. 1996ರಲ್ಲಿ ಭಾರತ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಅದಕ್ಕೆ ಮೇಲ್ಪಂಕ್ತಿಯಾದುದು ನಮ್ಮ ಜಿಲ್ಲೆಯ ಈ ಪ್ರಯೋಗವೇ. ಗಣಿಗೂ ಬಿಸಿಲಿಗೂ ಮಾತ್ರ ಹೆಸರಾದ ಊರೆಂದು ನಮ್ಮನ್ನು ಕರೆಯುವವರಿಗೆ ನಾನು ಹೆಮ್ಮೆಯಿಂದ ಹೇಳುವ ಸಂಗತಿ ಇದು.

ಆ ತರಬೇತಿಯನ್ನು ಪಡೆದಿದ್ದ ಒಬ್ಬ ಆರೋಗ್ಯ ಕಾರ್ಯಕರ್ತರು ಕುರುಗೋಡಿನ ಜಾತ್ರೆಯಲ್ಲಿ ನನಗೆ ಪರಿಚಯವಾದರು. ತೇರು ನಿಲುಗಡೆಗೆ ಬಂದು ಜನ ಕರಗುತ್ತಿದ್ದ ಹೊತ್ತಿನಲ್ಲಿ, ದುಃಖದಲ್ಲಿರುವವರ ಮನೆಗೆ ಹೋದಾಗ ನೀವು ಏನು ಮಾತನಾಡುತ್ತೀರೆಂದು ಕೇಳಿದೆನು. “ಮೊದಲ ಎರಡೇ ಮಾತ್ರಿ. ನಿದ್ದಿ ಹೆಂಗೈತಿ, ಊಟ ಸೇರತೈತೇನು. ಏನಾತು ಅಂತ ನಾವು ಕೇಳಂಗಿಲ್ಲ. ಅವರು ಹೇಳಿದ್ರ ಕೇಳ್ತೀವಿ, ಅಳಾಕತ್ತಿದ್ರ ಕುಂದರ್ತೀವಿ” ಎಂದರು. ಇದಕ್ಕಿಂತ ವಿವೇಕಯುತವಾದ ಅಧ್ಯಾಪನಸೂತ್ರವನ್ನು ನಾನು ಯಾವ ಶಿಕ್ಷಣಶಾಸ್ತ್ರದ ಗ್ರಂಥದಲ್ಲಿಯೂ ಕಂಡಿಲ್ಲ. ಆ ಸಂಜೆಯ ಬಳಿಕ, ಪಾಠದ ಮಧ್ಯೆ ಎದ್ದು ಹೋದ ವಿದ್ಯಾರ್ಥಿಯನ್ನು ಮರುದಿನ ಕಂಡಾಗ, ಏಕೆ ಹೋದೆಯೆಂದು ಕೇಳುವ ಬದಲು ರಾತ್ರಿ ನಿದ್ದೆ ಬಂದಿತೇ ಎಂದು ಕೇಳುವುದು ನನ್ನ ರೂಢಿಯಾಯಿತು.

ಅದೇ ಆರೋಗ್ಯ ಕಾರ್ಯಕರ್ತರ ಮೂಲಕವೂ, ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ಬರೆದ ಪುಸ್ತಕಗಳ ಮೂಲಕವೂ ನಾನು ಕಲಿತದ್ದು ಬಹಳ. ವಿಯೆಟ್ನಾಂ ಯುದ್ಧದಿಂದ ಹಿಂದಿರುಗಿದ ಸೈನಿಕರ ಅವಸ್ಥೆಯನ್ನು ನೋಡಿದ ಅಮೆರಿಕದ ಮನೋವೈದ್ಯರು 1980ರಲ್ಲಿ ಆಘಾತೋತ್ತರ ಮನೋವ್ಯಾಧಿಯನ್ನು ತಮ್ಮ ವರ್ಗೀಕರಣ ಗ್ರಂಥದಲ್ಲಿ ಸೇರಿಸಿದರು. ಆದರೆ ಅದರ ಲಕ್ಷಣಗಳು ನಮ್ಮ ಹಳ್ಳಿಗಳ ಮುದುಕಿಯರಿಗೂ ತಿಳಿಯದವೇನಲ್ಲ: ಒಂದು ವಾಸನೆಯಿಂದ, ಒಂದು ಶಬ್ದದಿಂದ, ಒಂದು ಹೆಸರಿನಿಂದ ನಡೆದುಹೋದದ್ದು ಈಗಲೇ ನಡೆಯುತ್ತಿದೆಯೆಂಬಂತೆ ದೇಹವು ಬೆವರುವುದು, ಎದೆ ಬಡಿದುಕೊಳ್ಳುವುದು, ಕಣ್ಣು ತೆರೆದಿದ್ದೂ ಏನೂ ಕಾಣದಿರುವುದು. ತರಗತಿಯಲ್ಲಿ ಇಂತಹ ಅವಸ್ಥೆಗೆ ಸಿಕ್ಕಿದವನು ಹೊರಗಿನವರ ಕಣ್ಣಿಗೆ ಅಲಕ್ಷ್ಯದಿಂದ ಕುಳಿತವನಂತೆ, ಕೆಲವೊಮ್ಮೆ ಉದ್ಧಟನಂತೆ ತೋರುತ್ತಾನೆ. ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಅವನು ಇನ್ನಷ್ಟು ಒಳಗೆ ಸೇದಿಹೋಗುತ್ತಾನೆ.

ನನ್ನ ಸಹೋದ್ಯೋಗಿಯೊಬ್ಬರು, ಇತಿಹಾಸದ ಅಧ್ಯಾಪಕರು, ಧಾತು ಈಶ್ವರ ಸಂವತ್ಸರಗಳ ಬರವನ್ನು, ಎಂದರೆ 1876ರಿಂದ 1878ರ ವರೆಗಿನ ಮಹಾಕ್ಷಾಮವನ್ನು ಪಾಠ ಹೇಳುತ್ತಿದ್ದ ರೀತಿಯನ್ನು ಇಲ್ಲಿ ನೆನೆಯಬೇಕು. ಮದರಾಸು ಪ್ರಾಂತದಲ್ಲಿ ಆ ಕ್ಷಾಮದಿಂದ ತೀವ್ರವಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹೂಪರ್ ಎಂಬ ಸೈನ್ಯಾಧಿಕಾರಿಯು ಆಗ ತೆಗೆದ ಛಾಯಾಚಿತ್ರಗಳು, ಮೂಳೆಗಳ ಮೇಲೆ ಚರ್ಮವನ್ನು ಹೊದಿಸಿದಂತಿರುವ ತಾಯಂದಿರೂ ಮಕ್ಕಳೂ ಸಾಲಾಗಿ ಕುಳಿತಿರುವ ಚಿತ್ರಗಳು, ಜಗತ್ಪ್ರಸಿದ್ಧವಾಗಿವೆ. ಇವುಗಳನ್ನು ದೊಡ್ಡದು ಮಾಡಿಸಿ ತರಗತಿಯ ಗೋಡೆಗೆ ಹಾಕಬೇಕೆಂಬ ಸಲಹೆಯು ಬಂದಾಗ ನನ್ನ ಮಿತ್ರರು ಬಹುಕಾಲ ಆಲೋಚಿಸಿ, ಬೇಡವೆಂದರು. ವಸತಿನಿಲಯದಲ್ಲಿ ತಿಂಗಳ ಕೊನೆಗೆ ಅರೆಹೊಟ್ಟೆಯಲ್ಲಿರುವ ಹುಡುಗರು ಆ ಬೆಂಚುಗಳಲ್ಲಿ ಇದ್ದಾರೆ, ಹಸಿದವನ ಶರೀರವನ್ನು ಹಸಿದವನ ಮುಂದೆಯೇ ಪ್ರದರ್ಶನಕ್ಕೆ ಇಡಲಾರೆನೆಂಬುದು ಅವರ ನಿಲುವು. ಅದರ ಬದಲಾಗಿ ಅವರು ತಕ್ಕಡಿಯನ್ನು ತಂದು, 1877ರ ಜನವರಿಯಲ್ಲಿ ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ದಿನಗೂಲಿಯನ್ನು, ಇಡೀ ದಿನ ಕಲ್ಲೊಡೆಯುವ ಗಂಡಾಳಿಗೆ ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆ ಎಂಬ ಲೆಕ್ಕದ ಆ ಧಾನ್ಯವನ್ನು, ಜೋಳದಲ್ಲಿ ತೂಗಿ ಮೇಜಿನ ಮೇಲೆ ಸುರಿದು ತೋರಿಸುತ್ತಿದ್ದರು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಎಂಬವನು ಇದನ್ನು ಬಲವಾಗಿ ಪ್ರತಿಭಟಿಸಿದ್ದರಿಂದ ಮುಂದೆ ಆ ಪ್ರಮಾಣವನ್ನು ಏರಿಸಬೇಕಾಯಿತೆಂಬುದನ್ನೂ ತಪ್ಪದೆ ಹೇಳುತ್ತಿದ್ದರು. ಸುಮಾರು 450 ಗ್ರಾಂ ಜೋಳದ ಆ ಸಣ್ಣ ರಾಶಿಯನ್ನು ನೋಡಿ ಹುಡುಗರು ವಾದಕ್ಕೆ ತೊಡಗುತ್ತಿದ್ದರು, ಕೋಪಗೊಳ್ಳುತ್ತಿದ್ದರು, ಲೆಕ್ಕ ಹಾಕುತ್ತಿದ್ದರು. ಚಿತ್ರಗಳನ್ನು ನೋಡಬೇಕೆನ್ನುವವರಿಗೆ ಅವು ಗ್ರಂಥಾಲಯದಲ್ಲಿ ದೊರೆಯುತ್ತಿದ್ದವು. ನೋಡುವ ಗಳಿಗೆಯನ್ನು ಅವರವರೇ ಆರಿಸಿಕೊಳ್ಳುತ್ತಿದ್ದರು.

2009ರ ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರಿನ ಆರಂಭದಲ್ಲಿ ಸುರಿದ ಮಳೆಯಿಂದ ಉತ್ತರ ಕರ್ನಾಟಕವೆಲ್ಲ ನೆರೆಗೆ ತುತ್ತಾದಾಗ ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳು ಮುಳುಗಿದವು. ತರಗತಿಗಳು ಮತ್ತೆ ಆರಂಭವಾದಾಗ ಕೆಲವರ ಬಳಿ ಪುಸ್ತಕಗಳಿರಲಿಲ್ಲ. ಕೆಲವರು ಬಂದಿರಲೇ ಇಲ್ಲ. ಅನುಭವವು ಹಸಿಯಾಗಿರುವಾಗಲೇ ‘ನಾನು ಕಂಡ ಜಲಪ್ರಳಯ’ ಎಂಬ ಪ್ರಬಂಧವನ್ನು ಎಲ್ಲರಿಂದಲೂ ಬರೆಸಬೇಕೆಂಬ ಉತ್ಸಾಹವು ಅನೇಕರಲ್ಲಿ ಮೂಡಿದ್ದಿತು. ಅದರ ಹಿಂದಿದ್ದುದು ಸದುದ್ದೇಶವೇ. ಆದರೆ ಬೇರೆಯವರ ಮನೆಯು ಕುಸಿದುದನ್ನು ಕಂಡವನು ಬರೆಯುವುದಕ್ಕೂ, ತನ್ನ ಮನೆಯನ್ನು ಕಳೆದುಕೊಂಡು ಗಂಜಿಕೇಂದ್ರದಿಂದ ನೇರವಾಗಿ ಬಂದವನು ಅಂಕಗಳಿಗಾಗಿ ಬರೆಯುವುದಕ್ಕೂ ಬಹಳ ಅಂತರವಿದೆ. ನಾನು ನನ್ನ ತರಗತಿಯಲ್ಲಿ ವಿಷಯವನ್ನು ಅವರ ಇಚ್ಛೆಗೇ ಬಿಟ್ಟೆನು. ನೀರಿನ ಬಗೆಗೆ ಬರೆಯುವವರು ಬರೆಯಲಿ, ಎತ್ತುಗಳ ಬಗೆಗೆ ಬರೆಯುವವರು ಬರೆಯಲಿ, ಕ್ರಿಕೆಟ್ಟಿನ ಬಗೆಗಾದರೂ ಆದೀತು ಎಂದೆನು. ನೆರೆಯಲ್ಲಿ ಎಲ್ಲವನ್ನೂ ಕಳೆದುಕೊಂಡ ಒಬ್ಬ ಹುಡುಗನು ತಮ್ಮ ಮನೆಯ ಅಡಿಗೆಕೋಣೆಯಲ್ಲಿ ಯಾವ ಯಾವ ಪಾತ್ರೆಯು ಯಾವ ಯಾವ ಗೂಡಿನಲ್ಲಿ ಇರುತ್ತಿದ್ದಿತೆಂಬುದನ್ನು ಮಾತ್ರ, ಒಂದು ವಿಶೇಷಣವನ್ನೂ ಸೇರಿಸದೆ, ಬರೆದು ತಂದನು. ನೀರಿನ ಮಾತೇ ಅದರಲ್ಲಿ ಇರಲಿಲ್ಲ. ಅದನ್ನು ತರಗತಿಯಲ್ಲಿ ಓದಲೇ ಎಂದು ಕೇಳಿದಾಗ ಬೇಡವೆಂದನು, ನಾನು ಓದಲಿಲ್ಲ.

ಇನ್ನೂ ಸೂಕ್ಷ್ಮವಾದ ವಿಷಯಗಳುಂಟು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು ಮದರಾಸು ಪ್ರಾಂತದಲ್ಲಿ 1947ರಲ್ಲಿಯೂ, ಕರ್ನಾಟಕದಲ್ಲಿ 1982ರಲ್ಲಿಯೂ ಆಯಿತು. ಆದರೂ ಆ ಮನೆತನಗಳ ಮಕ್ಕಳು ನಮ್ಮ ಕಾಲೇಜುಗಳಿಗೆ ಬರುತ್ತಲೇ ಇದ್ದರು. ಆ ಪದ್ಧತಿಯ ಕುರಿತ ಪಾಠದಲ್ಲಿ ‘ನಿಮ್ಮ ಕಡೆ ಹೇಗೆ’ ಎಂದು ಯಾವ ವಿದ್ಯಾರ್ಥಿನಿಯ ಮುಖವನ್ನೂ ನೋಡಿ ಕೇಳಕೂಡದು. ಅಸ್ಪೃಶ್ಯತೆಯ ಪಾಠದಲ್ಲಿ ದಲಿತ ವಿದ್ಯಾರ್ಥಿಯನ್ನು ಸಾಕ್ಷಿಯಾಗಿ ನಿಲ್ಲಿಸಕೂಡದು. ಅವನು ಕಾಲೇಜಿಗೆ ಬಂದಿರುವುದು ಉಳಿದವರಿಗೆ ಪಾಠವಾಗುವುದಕ್ಕಲ್ಲ, ಪಾಠವನ್ನು ಕಲಿಯುವುದಕ್ಕೆ. ಅವನಾಗಿ ಮಾತನಾಡಿದರೆ, ಆ ಮಾತಿಗೆ ತಕ್ಕ ಗೌರವವು ತರಗತಿಯಲ್ಲಿ ದೊರೆಯುವಂತೆ ನೋಡಿಕೊಳ್ಳುವ ಹೊಣೆಯು ಅಧ್ಯಾಪಕನದು.

ಇದೆಲ್ಲವೂ ವಿದ್ಯಾರ್ಥಿಗಳನ್ನು ಮೃದುಗೊಳಿಸುವ ಉಪಾಯ, ಸಾಹಿತ್ಯವು ಕಲಕಲೇಬೇಕು ಎಂದು ವಾದಿಸುವವರನ್ನು ನಾನು ಬಹಳವಾಗಿ ಕಂಡಿದ್ದೇನೆ. ಸಾಹಿತ್ಯವು ಕಲಕಬೇಕೆಂಬುದರಲ್ಲಿ ನನಗೂ ಸಂದೇಹವಿಲ್ಲ. ಹರಿಶ್ಚಂದ್ರಕಾವ್ಯದ ಒಂದು ಪದ್ಯವನ್ನೂ ನಾನು ಬಿಟ್ಟು ಪಾಠ ಮಾಡಿದವನಲ್ಲ. ಆದರೆ ನಮ್ಮ ಆಲಂಕಾರಿಕರೇ ಈ ವಿಷಯವನ್ನು ಎಷ್ಟು ಆಳವಾಗಿ ವಿಚಾರಿಸಿದ್ದಾರೆಂಬುದನ್ನು ನೋಡಬೇಕು. ಶೋಕವು ಕರುಣರಸವಾಗಬೇಕಾದರೆ ಅದು ವ್ಯಕ್ತಿಯ ಸ್ವಂತದ ಬಂಧನದಿಂದ ಬಿಡುಗಡೆ ಹೊಂದಿ ಸಾಧಾರಣೀಕರಣಗೊಳ್ಳಬೇಕು. ಕಾಶ್ಮೀರದ ಅಭಿನವಗುಪ್ತನು ರಸಾಸ್ವಾದಕ್ಕೆ ಒದಗುವ ವಿಘ್ನಗಳನ್ನು ಎಣಿಸುವಾಗ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಒಂದು ವಿಘ್ನವೆಂದು ಹೇಳಿ, ಅದರ ನಿವಾರಣೆಗಾಗಿಯೇ ನಾಟ್ಯದಲ್ಲಿ ಗೀತವಾದ್ಯಾದಿಗಳೂ ರಂಗಮಂಟಪದ ಸಿಂಗಾರವೂ ಇರುವುದೆಂದಿದ್ದಾನೆ. ಸ್ವಂತ ದುಃಖದಲ್ಲಿ ಮುಳುಗಿದವನನ್ನು ದುರ್ಬಲನೆಂದು ಆತನು ಹಳಿಯಲಿಲ್ಲ. ಅವನಿಗಾಗಿ ರಂಗವನ್ನು ಸಿದ್ಧಗೊಳಿಸುವ ಹೊಣೆಯನ್ನು ನಾಟ್ಯದ ಮೇಲೆಯೇ ಹೊರಿಸಿದನು. ಸಾವಿರ ವರ್ಷಗಳ ಹಿಂದಿನ ಈ ವಿವೇಕವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸುವ ನಾವು, ಅದನ್ನು ನಮ್ಮ ತರಗತಿಯ ಕೋಣೆಗೆ ಅನ್ವಯಿಸದಿರುವುದು ಸರಿಯಲ್ಲ.

ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ ಪಾಠಕ್ಕೆ ಮೊದಲು ಎಚ್ಚರಿಕೆಯ ಒಂದು ವಾಕ್ಯವನ್ನು ಓದುವ ರೂಢಿಯು ಹರಡಿದೆ. ಅಂತಹ ವಾಕ್ಯವೊಂದರಿಂದಲೇ ನೋವು ಕಡಿಮೆಯಾಗುವುದಿಲ್ಲ, ಮುಂಗಾಣುವ ಕಳವಳವು ಸ್ವಲ್ಪ ಹೆಚ್ಚುತ್ತದೆ ಎಂದು 2023ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯು ತೋರಿಸಿತು. ನನ್ನ ಅನುಭವಕ್ಕೆ ಇದು ವಿರುದ್ಧವಾಗಿಲ್ಲ. ನನ್ನ ಗುರುಗಳು ನನಗೆ ಸೂಚನೆಯೊಂದನ್ನೇ ಕೊಟ್ಟು ಹೋಗಿದ್ದರೆ ನಾನು ಆ ರಾತ್ರಿ ಇನ್ನಷ್ಟು ಹೆದರುತ್ತಿದ್ದೆನು. ಸೂಚನೆಯ ಹಿಂದೆಯೇ ಬಾಗಿಲ ಬಳಿಯ ಬೆಂಚು, ಹಾಜರಿಯ ಅಭಯ, ಮನೆಗೆ ಬಾ ಎಂಬ ಮಾತು ಇದ್ದವು. ಪರೀಕ್ಷೆಯಲ್ಲಿಯೂ ಅದೇ ದಾಕ್ಷಿಣ್ಯವು ಬೇಕು: ಪ್ರಲಾಪದ ಭಾಗದ ಮೇಲೆ ಕಡ್ಡಾಯವಾದ ಪ್ರಶ್ನೆಯನ್ನು ಕೇಳುವ ಬದಲು ಅಷ್ಟೇ ಅಂಕಗಳ ಬೇರೊಂದನ್ನು ಪಕ್ಕದಲ್ಲಿ ಕೊಟ್ಟರೆ ವಿದ್ವತ್ತಿಗೆ ಏನೂ ನಷ್ಟವಾಗದು.

ದೇಶದಲ್ಲಿ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆಯು 13 ಸಾವಿರವನ್ನು ಮೀರಿದುದೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗವು ತಿಳಿಸಿದೆ. ಅಧ್ಯಾಪಕನು ವೈದ್ಯನಲ್ಲ, ವೈದ್ಯನಾಗಲು ಯತ್ನಿಸಲೂಬಾರದು; ಆದರೆ ಯಾರ ಬಳಿಗೆ ಕಳುಹಿಸಬೇಕೆಂಬುದನ್ನು ಅವನು ಅರಿತಿರಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. 2022ರ ಅಕ್ಟೋಬರಿನಿಂದ ಟೆಲಿಮಾನಸ್ ಎಂಬ ಉಚಿತ ದೂರವಾಣಿ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲೂ ಇರುಳೂ ಕನ್ನಡದಲ್ಲಿಯೇ ದೊರೆಯುತ್ತಿದೆ. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ನಾಲ್ಕು ದಶಕಗಳ ಹಿಂದೆ ಈ ನೆಲದಲ್ಲಿ ಕಲಿಸಿದ್ದನ್ನು, 2010ರಲ್ಲಿ ಸ್ಥಾಪನೆಯಾದ ನಮ್ಮದೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿರುವ ಪ್ರತಿಯೊಬ್ಬ ಹೊಸ ಅಧ್ಯಾಪಕರಿಗೂ ಕಲಿಸುವುದು ಅಸಾಧ್ಯವಾದ ಕಾರ್ಯವಲ್ಲ. ಅಧಿಕಾರದಲ್ಲಿರುವವರು ಇದನ್ನು ಕೈಗೊಳ್ಳಬೇಕೆಂದು ನನ್ನ ಬಿನ್ನಹ.

ತರಗತಿಗಳಲ್ಲಿ ಈಗ ಪಾಠ ಹೇಳುತ್ತಿರುವ ಕಿರಿಯ ಮಿತ್ರರಲ್ಲಿ ಇನ್ನೊಂದು ಬೇಡಿಕೆ: ಬರುವ ಅವಧಿಯ ಪಠ್ಯಕ್ರಮವು ನಿಮ್ಮ ಕೈಸೇರಿದಾಗ, ಮೊದಲ ವಾರದಲ್ಲಿಯೇ ಅದರ ಕಠಿನವಾದ ಭಾಗಗಳನ್ನು ವಿದ್ಯಾರ್ಥಿಗಳಿಗೆ ವಿವರವಾಗಿ ತಿಳಿಸಿರಿ, ಎದ್ದು ಹೋಗುವವರಿಗೆ ದಾರಿಯನ್ನು ತೆರೆದಿಡಿರಿ, ಮತ್ತು ಆ ಪಾಠವು ಮುಗಿದ ದಿನ ಗಂಟೆ ಬಾರಿಸಿದ ಕೂಡಲೆ ಕೋಣೆಯನ್ನು ಬಿಟ್ಟು ಹೊರಡಬೇಡಿರಿ.